ಅಕ್ಕನ ಅರಿಶಿಣಕ್ಕೆ ನಾಲ್ಕು ಸ್ಪೀಕರು

ಮೆಜೆಸ್ಟಿಕ್‌ನ ಒಂದು ಟಾಕೀಸಿನಲ್ಲಿ ನನ್ನ ಬೆನ್ನ ಹಿಂದಿನಿಂದ ರೈಲು ಬಂತು. ಸಿನಿಮಾದ ರೈಲು. ಪರದೆಯ ಮೇಲೆ ಅದರ ಸುಳಿವೇ ಇರಲಿಲ್ಲ. ಗೋಡೆಗೆ ತೂಗುಹಾಕಿದ್ದ ಪೆಟ್ಟಿಗೆಗಳಿಂದ ಹೊರಟ ಸದ್ದು ನಮ್ಮ ತಲೆಯ ಮೇಲೆ ಹಾದು ಮುಂದಕ್ಕೆ ಓಡಿತು. ನಮ್ಮ ಸಾಲಿನಲ್ಲಿ ಕೂತಿದ್ದ ಅಷ್ಟೂ ಜನ ಬೆಚ್ಚಿ ಹಿಂತಿರುಗಿ ನೋಡಿದರು. ಆಮೇಲೆ ಕಥೆ ಏನಾಯಿತು, ಯಾರು ಯಾರನ್ನು ಮದುವೆಯಾದರು, ಒಂದೂ ನನಗೆ ನೆನಪಿಲ್ಲ. ಉಳಿದ ಹೊತ್ತೆಲ್ಲ ಕತ್ತು ತಿರುಗಿಸಿಕೊಂಡು ಗೋಡೆ ನೋಡುತ್ತಾ ಕೂತೆ. ಜೊತೆಗೆ ಬಂದಿದ್ದ ಅಕ್ಕ ನನ್ನ ತೊಡೆ ಚಿವುಟಿ, "ಸಿನಿಮಾ ಆ ಕಡೆ ಐತೆ ಕಣೇ," ಅಂದಳು.

ಎಂಬತ್ತರ ದಶಕದ ನಡುವಿನ ಮಾತು ಇದು. ನಮ್ಮದು ಕುಂದಲಹಳ್ಳಿಯಲ್ಲಿ ರಾಗಿ, ಅವರೆ ಬೆಳೆಯುವ ಮನೆ. ಅಪ್ಪ ಹೊಲ ನೋಡಿಕೊಳ್ಳುತ್ತಿದ್ದ, ಅಮ್ಮ ಮನೆ ಮತ್ತು ಹಸುಗಳನ್ನು ನೋಡಿಕೊಳ್ಳುತ್ತಿದ್ದಳು, ಅಕ್ಕ ಊರವರಿಗೆಲ್ಲ ರವಿಕೆ ಹೊಲಿದುಕೊಡುತ್ತಿದ್ದಳು. ನಾನು ಮಾತ್ರ ಸೈಕಲ್ಲು ತುಳಿದುಕೊಂಡು ವೈಟ್‌ಫೀಲ್ಡ್ ರಸ್ತೆಯ ಒಂದು ಸಣ್ಣ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ಹೋಗುತ್ತಿದ್ದೆ. ಅಲ್ಲಿ ಉದ್ದನೆಯ ಬೆಂಚಿನ ಮುಂದೆ ಹುಡುಗಿಯರೆಲ್ಲ ಸಾಲಾಗಿ ಕೂತು ದಿನವಿಡೀ ವೈರುಗಳಿಗೆ ಬೆಸುಗೆ ಹಾಕುತ್ತಿದ್ದೆವು. ನಾವು ಬೆಸೆಯುತ್ತಿರುವುದು ಯಾವ ಯಂತ್ರದೊಳಗೆ ಹೋಗುತ್ತದೆ ಎಂದು ಯಾರೂ ಹೇಳುತ್ತಿರಲಿಲ್ಲ. ನಮಗೆ ಕಲಿಸಿದ್ದು ಇಷ್ಟೇ: ಕೆಂಪು ವೈರು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗಬೇಕು, ಕಪ್ಪು ವೈರೆಲ್ಲ ಒಂದೇ, ಯಾವ ಕಪ್ಪಿಗೆ ಬೇಕಾದರೂ ಕೂಡಿಸಬಹುದು. ಇಷ್ಟು ಗೊತ್ತಾದ ಮೇಲೆ ಕರೆಂಟಿನ ಬಗ್ಗೆ ತಿಳಿಯುವುದು ಇನ್ನೇನೂ ಉಳಿದಿಲ್ಲ ಎಂದು ನಾನು ತೀರ್ಮಾನಿಸಿದ್ದೆ. ಊರಲ್ಲಿ ಯಾರ ಮನೆಯ ರೇಡಿಯೋ ಕೆಟ್ಟರೂ ಕರೆಯದೆಯೇ ಹೋಗಿ ಬಿಚ್ಚುತ್ತಿದ್ದೆ. ಕೆಲವು ರಿಪೇರಿ ಆಗುತ್ತಿದ್ದವು ಕೂಡ.

ಟಾಕೀಸಿನಿಂದ ಬಂದವಳು ನಮ್ಮ ನಡುಮನೆಯನ್ನು ಹೊಸ ಕಣ್ಣಿನಿಂದ ನೋಡತೊಡಗಿದೆ. ಬೀದಿ ಬಾಗಿಲಿನಿಂದ ಅಡುಗೆಮನೆ ಬಾಗಿಲವರೆಗೆ ಉದ್ದಕ್ಕೆ ಹೋಗುವ ಕೋಣೆ, ಮೇಲೆ ಹೆಂಚು, ಅಡ್ಡಕ್ಕೆ ಕಪ್ಪನೆಯ ತೊಲೆಗಳು, ಸುತ್ತ ದಪ್ಪನೆಯ ಮಣ್ಣಿನ ಗೋಡೆ. ನಾಲ್ಕು ಮೂಲೆ ಇವೆಯಲ್ಲ, ಮತ್ತೇನು ಬೇಕು? ಎರಡು ಸ್ಪೀಕರು ಮುಂದೆ, ಎರಡು ಹಿಂದೆ. ನಡುವೆ ಚಾಪೆ ಹಾಕಿಕೊಂಡು ಕೂತರೆ ಹಾಡು ನಮ್ಮನ್ನು ನಾಲ್ಕೂ ಕಡೆಯಿಂದ ಸುತ್ತಿಕೊಳ್ಳಬೇಕು. ಈ ಯೋಚನೆ ಬಂದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಭಾನುವಾರ ಬಂತೆಂದರೆ ಎಸ್.ಪಿ. ರೋಡಿನ ಬಿಡಿಭಾಗದ ಅಂಗಡಿಗಳಲ್ಲಿ ಇರುತ್ತಿದ್ದೆ. ಆಂಪ್ಲಿಫೈಯರನ್ನು ಒಂದೊಂದೇ ಭಾಗ ತಂದು ನಾನೇ ಕೂಡಿಸಿದೆ. ಮೊದಲ ಸಲ ಸ್ವಿಚ್ಚು ಹಾಕಿದಾಗ ಅದರಿಂದ ಹೊಗೆ ಬಂತು. ಎರಡನೆಯ ಸಲ ಸದ್ದು ಬಂತು. ನಾನು ಕುಣಿದ ಕುಣಿತಕ್ಕೆ ಕೊಟ್ಟಿಗೆಯಲ್ಲಿದ್ದ ಹಸು ಹಗ್ಗ ಕಿತ್ತುಕೊಂಡಿತು.

ಅದೇ ಹೊತ್ತಿಗೆ ಅಕ್ಕನಿಗೆ ವರ್ತೂರಿನ ಕಡೆಯ ಗಂಡು ಗೊತ್ತಾಯಿತು. ಅದರ ಬೆನ್ನಿಗೇ ಮನೆಯಲ್ಲಿ ಒಂದು ಜಗಳ ಹುಟ್ಟಿಕೊಂಡಿತು. ಅದು ಅಮ್ಮನ ಹಾಡಿನ ಜಗಳ.

ನಮ್ಮ ಕಡೆ ಮದುವೆಯ ಹಿಂದಿನ ದಿನ ಹೆಣ್ಣಿಗೆ ಅರಿಶಿಣ ಹಚ್ಚುವ ಶಾಸ್ತ್ರ. ಹಸೆಯ ಮೇಲೆ ಹೆಣ್ಣನ್ನು ಕೂರಿಸಿದ ಮೇಲೆ ಸೋಬಾನೆ ಪದ ಶುರುವಾಗದೆ ಯಾರೂ ಅವಳಿಗೆ ಅರಿಶಿಣ ಮುಟ್ಟಿಸುವಂತಿಲ್ಲ. ಒಬ್ಬಳು ಸಾಲು ಹೇಳುತ್ತಾಳೆ, ಉಳಿದವರು "ಸೋ" ಎಂದು ದನಿಗೂಡಿಸುತ್ತಾರೆ. ಆ ಮೊದಲ ಪದ ಹೆಣ್ಣಿನ ತಾಯಿಯದು. ತಾಯಿಗೆ ಬಾರದಿದ್ದರೆ ಬೇರೆಯವರು ಹೇಳುತ್ತಾರೆ. ನಮ್ಮೂರಲ್ಲಿ ಬೇರೆಯವರು ಅಂದರೆ ನಮ್ಮಮ್ಮನೇ. ಯಾರ ಮನೆಯ ಹೆಣ್ಣಿಗೆ ಅರಿಶಿಣವಾದರೂ ಮುಂಚಿತವಾಗಿ ಬಂದು ಅಮ್ಮನಿಗೆ ಎಲೆ ಅಡಿಕೆ ಕೊಟ್ಟು ಕರೆದು ಹೋಗುತ್ತಿದ್ದರು. ಅವಳು ಹೇಳುವ ಪದದಲ್ಲಿ ಆ ಮನೆಯ ಬಾವಿ, ಆ ಮನೆಯ ಎಮ್ಮೆ, ಎದುರಿಗೆ ಕೂತ ಬೀಗಿತಿಯ ಮೂಗುತಿ ಎಲ್ಲ ಬಂದು ಸೇರಿಕೊಳ್ಳುತ್ತಿದ್ದವು. ಜನ ನಕ್ಕು ನಕ್ಕು ಸುಸ್ತಾಗುತ್ತಿದ್ದರು. ಹೆಣ್ಣು ಮಾತ್ರ ಅಳುತ್ತಿದ್ದಳು.

ಆಮೇಲೆ ಅಮ್ಮನ ಕುತ್ತಿಗೆಯಲ್ಲಿ ಗಡ್ಡೆ ಬೆಳೆಯಿತು. ಆಪರೇಷನ್ ಆಯಿತು. ಜೀವಕ್ಕೆ ಏನೂ ಆಗಲಿಲ್ಲ, ಆದರೆ ದನಿ ಒಡೆದುಹೋಯಿತು. ಮಾತಿಗೆ ತೊಂದರೆ ಇರಲಿಲ್ಲ; ಸ್ವಲ್ಪ ಮೇಲಕ್ಕೆ ಎತ್ತಿದರೆ ಸಾಕು, ಎಣ್ಣೆ ಕಾಣದ ಗಾಡಿಯ ಚಕ್ರದ ಹಾಗೆ ಕಿರುಗುಟ್ಟಿ ನಿಂತುಬಿಡುತ್ತಿತ್ತು. ಹಾಗಿದ್ದೂ ಒಂದು ಸಲ ನೆರೆಮನೆಯ ತೊಟ್ಟಿಲು ಶಾಸ್ತ್ರಕ್ಕೆ ಹೋಗಿ ಪದ ಎತ್ತಿದಳು. ದನಿ ಒಡೆಯಿತು. ಹಿಂದೆ ಕೂತಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಆರತಿಗೂ ನಿಲ್ಲದೆ ಅಮ್ಮ ಮನೆಗೆ ಬಂದಳು, ಬಂದವಳೇ ರಾಗಿ ಬೀಸಲು ಕೂತಳು. ಅವತ್ತಿನಿಂದ ಒಂದು ಸಾಲೂ ಹಾಡಿದ್ದಿಲ್ಲ. ಯಾರಾದರೂ ಕರೆಯಲು ಬಂದರೆ ಹಸು ಕರು ಹಾಕೋ ಹಾಗಿದೆ ಅನ್ನುತ್ತಿದ್ದಳು. ನಮ್ಮ ಹಸು ಹೀಗೆ ಎಷ್ಟು ಸಲ ಕರು ಹಾಕಿತೋ ದೇವರೇ ಬಲ್ಲ.

ಮದುವೆ ಗೊತ್ತಾದ ವಾರದಲ್ಲೇ ಅಕ್ಕ ಅಡುಗೆಮನೆಯಲ್ಲಿ ಅಮ್ಮನ ಎದುರು ನಿಂತು ಕೇಳಿದಳು.

"ಊರ ಹೆಣ್ಮಕ್ಳಿಗೆಲ್ಲ ಪದ ಹೇಳ್ದೆ. ನನಗೊಬ್ಳಿಗೆ ಹೇಳಲ್ವಾ?"

"ದನಿ ಇಲ್ದೋಳು ಏನ್ ಏಳ್ಲಿ ಮಗಾ," ಅಂದಳು ಅಮ್ಮ, ಒಲೆಯ ಕಡೆಗೇ ಮುಖ ಮಾಡಿಕೊಂಡು. "ನಿನ್ ಮದ್ವೇಲಿ ಬೀಗರ್ ಮುಂದೆ ನಗೆಪಾಟ್ಲು ಆಗ್ಬೇಕಾ?"

"ಯಾರ್ ನಕ್ಕರೂ ನಕ್ಕೊಳ್ಳಿ. ನೀನು ಹೇಳ್ದೇ ಇದ್ರೆ ನಾನು ಹಸೆ ಮೇಲೆ ಕೂರಲ್ಲ."

ಅಮ್ಮ ಒಲೆಗೆ ಇನ್ನೊಂದು ಸೌದೆ ತುರುಕಿದಳು. ಅಕ್ಕ ದಡದಡನೆ ಹೊರಗೆ ಹೋದಳು. ಬಾಗಿಲಲ್ಲಿ ನಿಂತಿದ್ದ ನನಗೆ ಇಬ್ಬರ ಮುಖವನ್ನೂ ನೋಡಲಾಗಲಿಲ್ಲ. ಆದರೆ ನಾನು ಸುಮ್ಮನಿರುವ ಜಾತಿಯವಳಲ್ಲವಲ್ಲ. ಥಟ್ಟನೆ ತಲೆಗೊಂದು ಉಪಾಯ ಹೊಳೆಯಿತು.

"ಅಮ್ಮಾ, ಸೋಬಾನೆ ಪದದ್ದು ಕ್ಯಾಸೆಟ್ ಬಂದೈತೆ ಕಣೇ. ನಡುಮನೆ ನಾಕ್ ಮೂಲೆಗೂ ಸ್ಪೀಕರ್ ಹಾಕ್ತೀನಿ. ಟಾಕೀಸ್ ಇದ್ದಂಗಿರ್ತದೆ. ಯಾರೂ ನಿನ್ನ ಕೇಳಲ್ಲ."

ಅಮ್ಮ ತಿರುಗಿ ನೋಡಿದಳು. ಅವಳ ಮುಖದಲ್ಲಿ ಬಂದ ನಿರಾಳ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. "ಅಂಗ್ ಮಾಡವ್ವ. ಅಂಗೇ ಮಾಡು," ಅಂದಳು. ಸ್ಪೀಕರಿನ ಬಾಯಿಗೆ ಕಟ್ಟಲು ತನ್ನ ಹಳೆಯ ಹಸಿರು ಸೀರೆಯನ್ನೇ ತೆಗೆದುಕೊಟ್ಟಳು.

ಅಕ್ಕನಿಗೆ ವಿಷಯ ತಿಳಿಸಿದಾಗ ಅವಳು ಹೊಲಿಗೆ ಯಂತ್ರ ನಿಲ್ಲಿಸಿ ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ನಾನು ಅಮ್ಮನ್ನ ಕೇಳಿದ್ದು, ಡಬ್ಬಾನ ಅಲ್ಲ," ಅಂದಳಷ್ಟೇ. ನನಗೆ ಮೂಗಿನ ತುದಿಯಲ್ಲೇ ಕೋಪ. "ಡಬ್ಬಾ ಅಲ್ಲ ಅದು, ಸ್ಟೀರಿಯೋ!" ಎಂದು ಕೂಗಾಡಿದೆ. ಅವಳು ಮತ್ತೆ ಯಂತ್ರ ತುಳಿಯತೊಡಗಿದಳು.

ಊರಿನ ಬಡಗಿಯ ಹತ್ತಿರ ನಾಲ್ಕು ಪೆಟ್ಟಿಗೆ ಮಾಡಿಸಿದೆ. ಸ್ಪೀಕರು ಕೂರಿಸಿ, ಮುಂದೆ ಹಸಿರು ಸೀರೆಯ ತುಂಡು ಬಿಗಿದು, ಸುತ್ತ ಗುಂಡುಮೊಳೆ ಹೊಡೆದೆ. ನೋಡಿದರೆ ನನಗೇ ದೃಷ್ಟಿ ತಾಕುವಂತಿತ್ತು. ಇನ್ನು ಗೋಡೆಗೆ ಹಾಕುವುದೊಂದು ಬಾಕಿ. ಮದುವೆಗೆಂದು ಆಗಷ್ಟೇ ಸುಣ್ಣ ಬಳಿದು ಕೆಳಗೆ ಕೆಮ್ಮಣ್ಣಿನ ಪಟ್ಟೆ ಎಳೆದಿದ್ದರು. ಬೆಳ್ಳಗೆ ಹೊಳೆಯುತ್ತಿದ್ದ ಆ ಗೋಡೆಗೆ ಉದ್ದನೆಯ ಮೊಳೆ ಇಟ್ಟು ಸುತ್ತಿಗೆಯಿಂದ ಬಾರಿಸಿದೆ. ಮೊಳೆ ಸಲೀಸಾಗಿ ಒಳಗೆ ಹೋಯಿತು. ಪೆಟ್ಟಿಗೆ ತೂಗುಹಾಕಿದೆ. ಮೊಳೆ ಅಷ್ಟೇ ಸಲೀಸಾಗಿ ಹೊರಗೆ ಬಂತು, ಜೊತೆಗೆ ಮುಷ್ಟಿ ಗಾತ್ರದ ಮಣ್ಣಿನ ಹೆಂಟೆ. ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡೆ, ಮಣ್ಣೆಲ್ಲ ತಲೆಯ ಮೇಲೆ.

ಆ ಸದ್ದಿಗೆ ಅಪ್ಪ ಓಡಿ ಬಂದ. ಸುಣ್ಣದ ಗೋಡೆಯ ತೂತನ್ನು ನೋಡಿದ, ನನ್ನ ತಲೆಯನ್ನು ನೋಡಿದ. ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅಪ್ಪನಿಗೆ ನಗು ಬಂದುಬಿಟ್ಟಿತು.

"ಇದೇನ್ ನಿಮ್ ಕಂಪ್ನಿ ಗೋಡೆ ಅಂದ್ಕೊಂಡ್ಯಾ? ಮಣ್ಣು ಕಣವ್ವ ಇದು. ಮೊಳೆ ಕೇಳಲ್ಲ, ಗೂಟ ಕೇಳ್ತದೆ."

ಆಮೇಲಿನ ದಿನಗಳು ಹಬ್ಬ. ಅಪ್ಪ ಜಾಲಿ ಮರದ ಕೊಂಬೆ ಕಡಿದು ತಂದು ಗೂಟ ಚೂಪು ಮಾಡಿದ. ಗೋಡೆಯ ತೂತಿಗೆ ನೀರು ಚಿಮುಕಿಸಿ, ರಾಗಿ ಹುಲ್ಲು ಕತ್ತರಿಸಿ ಕಲಸಿದ ಕೆಮ್ಮಣ್ಣನ್ನು ತುರುಕಿ, ಗೂಟ ಹೊಡೆದು, ಒಣಗಲು ಬಿಡಬೇಕು. ನನಗೋ ಒಂದು ಗಳಿಗೆ ತಡೆಯುವ ತಾಳ್ಮೆ ಇಲ್ಲ. ಹೋಗುತ್ತಾ ಬರುತ್ತಾ ಗೂಟ ಅಲ್ಲಾಡಿಸಿ ನೋಡುತ್ತಿದ್ದೆ. "ಅಲ್ಲಾಡ್ಸಿದ್ರೆ ಅಲ್ಲಾಡ್ತದೆ, ಸುಮ್ಕಿದ್ರೆ ನಿಲ್ತದೆ," ಎಂದು ಅಪ್ಪ ಗದರುತ್ತಿದ್ದ. ಗದರುತ್ತಾ ತಾನೂ ಒಮ್ಮೆ ಮುಟ್ಟಿ ನೋಡುತ್ತಿದ್ದ. ಹೊಲದಿಂದ ಬಂದವನು ಕೈಕಾಲು ತೊಳೆಯುವ ಮೊದಲು ಪೆಟ್ಟಿಗೆಗಳನ್ನು ನೋಡಿ ಹೋಗುತ್ತಿದ್ದ. ಬೀದಿಯಲ್ಲಿ ಸಿಕ್ಕವರಿಗೆಲ್ಲ, "ನಮ್ ಮನೇಲಿ ನಾಕ್ ಕಡೆಯಿಂದ ಸೌಂಡ್ ಬತ್ತದೆ, ಬಂದು ನೋಡಿ," ಎಂದು ಹೇಳಿಟ್ಟಿದ್ದ. ಇನ್ನೂ ಒಂದು ಕಡೆಯಿಂದಲೂ ಬಂದಿರಲಿಲ್ಲ.

ಬೀದಿ ಬಾಗಿಲ ಕಡೆಯ ಎರಡು ಪೆಟ್ಟಿಗೆ ಮೊದಲು ಏರಿದವು. ಟೇಪ್ ರೆಕಾರ್ಡರನ್ನೂ ಆಂಪ್ಲಿಫೈಯರನ್ನೂ ಅಲ್ಲೇ ಬಾಗಿಲ ಪಕ್ಕದ ಮೇಜಿನ ಮೇಲಿಟ್ಟು ವೈರು ಕೊಟ್ಟೆ. ಎಡಕ್ಕೆ ಕೆಂಪು ಕಪ್ಪು, ಬಲಕ್ಕೆ ಕೆಂಪು ಕಪ್ಪು. ಹಾಡು ಹೊರಟಿತು. ಹೆಂಚಿನ ಮೇಲೆ ಕೂತಿದ್ದ ಪಾರಿವಾಳಗಳು ಒಟ್ಟಿಗೆ ಹಾರಿಹೋದವು. ಅಪ್ಪ ತಲೆಯ ಮೇಲಿನ ಟವೆಲ್ಲು ತೆಗೆದು ಹೆಗಲಿಗೆ ಹಾಕಿಕೊಂಡು, "ಅಬ್ಬಬ್ಬ!" ಅಂದ.

ಹಿಂದಿನ ಎರಡು ಪೆಟ್ಟಿಗೆಗಳದ್ದೇ ತಲೆನೋವಾಯಿತು. ಅಡುಗೆಮನೆಗೆ ಹೊಂದಿಕೊಂಡ ಗೋಡೆಗೆ ಸುಣ್ಣ ಬಳಿದದ್ದು ಕಡೆಯಲ್ಲಿ, ಹಾಗಾಗಿ ಅಲ್ಲಿ ಗೂಟ ಹೊಡೆದದ್ದೂ ಕಡೆಯಲ್ಲಿ. ಗೂಟ ಒಣಗುವ ಹೊತ್ತಿಗೆ ಅರಿಶಿಣದ ದಿನವೇ ಬಂತು. ಬೆಳಗ್ಗೆ ಚಪ್ಪರಕ್ಕೆ ಹೊಂಗೆ ಸೊಪ್ಪು ಹಾಸುತ್ತಿದ್ದರೆ ನಾನು ಏಣಿ ಹಾಕಿಕೊಂಡು ತೊಲೆಯ ಮೇಲೆ ವೈರು ಎಳೆಯುತ್ತಿದ್ದೆ. ವರ್ತೂರಿನಿಂದ ಬಂದಿಳಿದ ಸೋದರತ್ತೆ, ಅಂದರೆ ಅಪ್ಪನ ತಂಗಿ, ಸೊಂಟದ ಮೇಲೆ ಕೈಯಿಟ್ಟು ಕೆಳಗಿನಿಂದ ಕೇಳಿದಳು.

"ಏನೇ, ಮದ್ವೆ ಮನೆಯಾ ಟಾಕೀಸಾ? ಅಕ್ಕನ್ ಅರಿಶಿಣದ್ ದಿನ ತೊಲೆ ಮ್ಯಾಲೆ ಕೋತಿ ಅಂಗೆ ಕುಂತವ್ಳೆ!"

"ಸಾಯಂಕಾಲ ನೋಡತ್ತೆ, ಬಾಯ್ ಬಿಟ್ಕೊಂಡು ಕೇಳ್ತೀಯ," ಅಂದೆ.

ಅಷ್ಟರಲ್ಲಿ ವೈರು ಮುಗಿದುಹೋಯಿತು. ನಡುಮನೆಯ ಉದ್ದ ಅಳೆದು ವೈರು ತಂದಿದ್ದೆನೇ ಹೊರತು, ಅದು ಗೋಡೆ ಹತ್ತಬೇಕು, ತೊಲೆ ದಾಟಬೇಕು, ಮತ್ತೆ ಇಳಿಯಬೇಕು ಅನ್ನುವುದನ್ನು ಅಳೆದಿರಲಿಲ್ಲ. ಹಿಂದಿನ ಎರಡೂ ಪೆಟ್ಟಿಗೆಗೆ ಸೇರಿ ಉಳಿದದ್ದು ಒಂದೇ ಜೋಡಿ ಎಳೆ. ಪೇಟೆಗೆ ಹೋಗಿ ಬರಲು ಹೊತ್ತಿಲ್ಲ. ಏಣಿಯ ಮೇಲೇ ಕೂತು ಕಾರ್ಖಾನೆಯ ಪಾಠ ನೆನೆಸಿಕೊಂಡೆ. ಕಪ್ಪೆಲ್ಲ ಒಂದೇ. ಅಂದರೆ ಕಪ್ಪಿನಲ್ಲಿ ಏನೂ ಇಲ್ಲ, ಹಾಡೆಲ್ಲ ಇರುವುದು ಕೆಂಪಿನಲ್ಲಿ. ಅಂದ ಮೇಲೆ ಕಪ್ಪಿಗೇಕೆ ಸುಮ್ಮನೆ ಒಂದು ಎಳೆ ದಂಡ? ಒಂದು ಎಳೆಯನ್ನು ಎಡದ ಕೆಂಪಿಗೆ, ಇನ್ನೊಂದನ್ನು ಬಲದ ಕೆಂಪಿಗೆ ಕೊಟ್ಟರೆ ಎಡದ್ದೂ ಹೋಯಿತು, ಬಲದ್ದೂ ಹೋಯಿತು! ಎರಡು ಪೆಟ್ಟಿಗೆಯನ್ನು ಒಂದರ ಬಾಲಕ್ಕೊಂದು ಕಟ್ಟಿ ಹಾಗೇ ಕೊಟ್ಟೆ. ನನ್ನ ಬುದ್ಧಿಗೆ ನಾನೇ ಮೆಚ್ಚಿ ಏಣಿಯ ಕೊನೆಯ ಮೆಟ್ಟಿಲಿನಿಂದ ಹಾರಿದೆ.

ಕ್ಯಾಸೆಟ್ಟು ಹಾಕಿದೆ. ಪದ ಶುರುವಾಗುವ ಮೊದಲು ಡೋಲಕ್ಕು, ಕೊಳಲು, ತಾಳ. ಹಿಂದಿನ ಪೆಟ್ಟಿಗೆಗಳಿಂದ ಡೋಲಕ್ಕಿನ ಸದ್ದು ಬಂತು, ಕೊಳಲು ನಡುಮನೆಯ ಸುತ್ತ ಒಂದು ಸುತ್ತು ಹೊಡೆದಂತಾಯಿತು. "ಬಂತು! ಬಂತು!" ಎಂದು ಕೂಗುತ್ತಾ ಅಡುಗೆಮನೆಗೆ ಓಡಿ ಅಮ್ಮನನ್ನು ಎಳೆದು ತರುವಷ್ಟರಲ್ಲಿ ಕರೆಂಟು ಹೋಯಿತು. ಆ ಕಾಲದಲ್ಲಿ ನಮ್ಮ ಕಡೆ ಕರೆಂಟು ಹೋಯಿತೆಂದು ಯಾರೂ ಬೇಸರ ಪಡುತ್ತಿರಲಿಲ್ಲ, ಬಂದರೆ ಖುಷಿ ಪಡುತ್ತಿದ್ದರು. ಇವತ್ತು ಮಾತ್ರ ನಾನು ಊರಿನ ದೇವರಿಗೆಲ್ಲ ಹರಕೆ ಹೊತ್ತೆ.

ಮಧ್ಯಾಹ್ನ ಇಳಿಯಿತು. ಚಪ್ಪರದ ಕೆಳಗೆ, ಜಗಲಿಯ ಮೇಲೆ ಗಂಡಸರು ತುಂಬಿದರು. ನಡುಮನೆಯ ಹಿಂಭಾಗದಲ್ಲಿ, ಅಡುಗೆಮನೆ ಬಾಗಿಲ ಹತ್ತಿರ, ಹಸೆ ಬರೆದು ಅಕ್ಕನನ್ನು ಕೂರಿಸಿದರು. ಹಠ ಮಾಡುತ್ತಾಳೆ ಅಂದುಕೊಂಡಿದ್ದೆ, ಮಾಡಲಿಲ್ಲ. ತಲೆ ತಗ್ಗಿಸಿಕೊಂಡು ಬಂದು ಕೂತಳು. ಅದು ನನಗೆ ಹಠಕ್ಕಿಂತ ಹೆಚ್ಚು ಚುಚ್ಚಿತು. ಅವಳ ಸುತ್ತ ಹೆಂಗಸರು, ಅವರ ತಲೆಯ ಮೇಲೆ ನನ್ನ ಎರಡು ಪೆಟ್ಟಿಗೆ. ಅಮ್ಮ ಅರಿಶಿಣದ ಬಟ್ಟಲು ಹಿಡಿದು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಳು. ನಾನು ಈ ತುದಿಯಲ್ಲಿ, ಬೀದಿ ಬಾಗಿಲ ಪಕ್ಕ, ಮೇಜಿನ ಮುಂದೆ. ಅಷ್ಟರಲ್ಲಿ ಬಲ್ಬು ಹತ್ತಿಕೊಂಡಿತು. ಜಗಲಿಯಿಂದ "ಓ!" ಎಂದು ಕೂಗಿದರು. ಗುಂಡಿ ಒತ್ತಿದೆ.

ಡೋಲಕ್ಕು ಬಂತು. ಕೊಳಲು ಬಂತು. ಚಿಕ್ಕ ಮಕ್ಕಳು ಸದ್ದು ಎಲ್ಲಿಂದ ಬರುತ್ತಿದೆ ಎಂದು ಗಿರ್ರನೆ ಸುತ್ತಿದರು. ಗಂಡಸರು ಬಾಗಿಲಿನಿಂದ ಕತ್ತು ಚಾಚಿದರು. ಹಿಗ್ಗಿ ಹೀರೇಕಾಯಾಗಿ ನಿಂತಿದ್ದೆ. ನನ್ನ ತಲೆಯ ಮೇಲಿನ ಪೆಟ್ಟಿಗೆಗಳಿಂದ ಕ್ಯಾಸೆಟ್ಟಿನ ಗಾಯಕಿ ಮೊದಲ ಸಾಲು ಎತ್ತಿದಳು, ಹಿಂದಿನಿಂದ "ಸೋ" ಎಂದು ದನಿಗೂಡಿತು. ಎಷ್ಟು ಚೆನ್ನ!

ಆದರೆ ಹೆಂಗಸರ ಗುಂಪಿನಲ್ಲಿ ಗುಸುಗುಸು ಎದ್ದಿತು. ಸೋದರತ್ತೆ ತಲೆಯೆತ್ತಿ ಪೆಟ್ಟಿಗೆಯನ್ನು ದಿಟ್ಟಿಸಿ ನೋಡಿ ಜೋರಾಗಿ ಕೇಳಿದಳು.

"ಏನೇ ಇದು? ಸೋ ಅನ್ನೋರ್ ಅವ್ರೆ, ಡೋಲು ಐತೆ, ಪದ ಏಳೋಳ್ ಎಲ್ಲಿಗ್ ಓದ್ಲು?"

ಹೆಂಗಸರು ಘೊಳ್ಳನೆ ನಕ್ಕರು. ಮೇಜು ಬಿಟ್ಟು ಹಿಂದಕ್ಕೆ ಓಡಿದೆ. ನಿಜ. ಜಗಲಿಯ ಗಲಾಟೆ, ಮಕ್ಕಳ ಕೂಗು ದಾಟಿ ಮುಂದಿನ ಪೆಟ್ಟಿಗೆಗಳ ಗಾಯಕಿಯ ದನಿ ಅಲ್ಲಿಯವರೆಗೆ ತಲುಪುತ್ತಲೇ ಇರಲಿಲ್ಲ. ಹಿಂದಿನ ಪೆಟ್ಟಿಗೆಗಳಲ್ಲಂತೂ ಅವಳು ಇರಲೇ ಇಲ್ಲ. ಡೋಲಕ್ಕು, ತಾಳ, ಆಮೇಲೆ ಒಂದು ಸಾಲಿನಷ್ಟು ಖಾಲಿ, ಆಮೇಲೆ "ಸೋ". ಮತ್ತೆ ಖಾಲಿ. ಮತ್ತೆ "ಸೋ".

ಇದು ಯಾಕೆ ಹೀಗಾಯಿತು ಎಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ, ಈಗಲೇ ಹೇಳಿಬಿಡುತ್ತೇನೆ. ಗಾಯಕಿಯ ದನಿ ನಡುವಿನಿಂದ ಬಂದಂತೆ ಕೇಳಲೆಂದು ಅದನ್ನು ಎಡಕ್ಕೂ ಬಲಕ್ಕೂ ಸಮನಾಗಿ ಹಾಕಿರುತ್ತಾರೆ. ನಾನು ಎರಡು ಕೆಂಪನ್ನು ಒಂದಕ್ಕೊಂದು ಎದುರು ಕಟ್ಟಿದ್ದೆನಲ್ಲ, ಹಗ್ಗ ಜಗ್ಗುವ ಆಟದಲ್ಲಿ ಎರಡು ಕಡೆಯವರೂ ಸಮಬಲರಾದರೆ ಹಗ್ಗ ಅಲ್ಲಾಡದ ಹಾಗೆ, ಎರಡೂ ಕಡೆ ಸಮನಾಗಿದ್ದ ಅವಳ ದನಿ ಇಲ್ಲವಾಯಿತು. ಎಡಕ್ಕೆ ಹೆಚ್ಚಿದ್ದದ್ದು, ಬಲಕ್ಕೆ ಹೆಚ್ಚಿದ್ದದ್ದು ಮಾತ್ರ ಉಳಿದವು. ಅವೇ ಡೋಲು, ತಾಳ, ಮತ್ತು ಎರಡು ಬದಿಗೆ ನಿಂತು "ಸೋ" ಅಂದ ಹೆಂಗಸರು.

ಆ ಗಳಿಗೆಯಲ್ಲಿ ನನಗೆ ಇದೊಂದೂ ಗೊತ್ತಿರಲಿಲ್ಲ. ಗೊತ್ತಿದ್ದುದು ಇಷ್ಟೇ: ಹೆಂಗಸರು ಅರಿಶಿಣದಲ್ಲಿ ಬೆರಳು ಅದ್ದಿಕೊಂಡು ಕಾಯುತ್ತಿದ್ದಾರೆ, ಪದ ಇಲ್ಲದೆ ಮುಟ್ಟಿಸುವಂತಿಲ್ಲ, ಅಕ್ಕ ಹಸೆಯ ಮೇಲೆ ಒಬ್ಬಳೇ ಕೂತಿದ್ದಾಳೆ. ಅವಳು ನನ್ನನ್ನಾಗಲೀ ಪೆಟ್ಟಿಗೆಯನ್ನಾಗಲೀ ನೋಡುತ್ತಿರಲಿಲ್ಲ. ಹೊಸ್ತಿಲ ಮೇಲಿದ್ದ ಅಮ್ಮನನ್ನೇ ನೋಡುತ್ತಿದ್ದಳು. ನೆಲ ಬಾಯಿ ತೆರೆದು ನನ್ನನ್ನು ನುಂಗಬಾರದೇ ಅನ್ನಿಸಿತು.

ಪೆಟ್ಟಿಗೆ ಮತ್ತೆ "ಸೋ" ಅಂದು ಖಾಲಿಯಾಯಿತು. ಎಲ್ಲರಿಗೂ ಗೊತ್ತಿದ್ದ ಪದವೇ ಅದು. ಆ ಖಾಲಿಯ ಉದ್ದ ಎಷ್ಟೆಂದು ನಮ್ಮೂರಲ್ಲಿ ಅಮ್ಮನಿಗಿಂತ ಚೆನ್ನಾಗಿ ಬಲ್ಲವರು ಯಾರು? ಜೀವಮಾನವೆಲ್ಲ ಅದನ್ನು ತುಂಬಿದವಳು. ಅವಳ ತುಟಿ ಅಲ್ಲಾಡಿತು. ಮುಂದಿನ "ಸೋ" ಮುಗಿದದ್ದೇ ತಡ, ಬಟ್ಟಲು ಹಿಡಿದು ನಿಂತಲ್ಲೇ, ಮಾತಿಗಿಂತ ಸ್ವಲ್ಪ ಮೇಲಿನ ದನಿಯಲ್ಲಿ ಅಮ್ಮ ಒಂದು ಸಾಲು ಹೇಳಿದಳು. ಸಾಲಿನ ಕೊನೆಯಲ್ಲಿ ದನಿ ಒಡೆಯಿತು.

ಇನ್ನೇನು ಯಾರೋ ನಗುತ್ತಾರೆ, ಅಮ್ಮ ತಿರುಗಿ ಒಳಗೆ ಹೋಗುತ್ತಾಳೆ. ಆದರೆ ಪೆಟ್ಟಿಗೆಗೆ ನಗಲು ಬರುವುದಿಲ್ಲವಲ್ಲ. ದನಿ ಒಡೆದದ್ದು ಅದಕ್ಕೆ ಕೇಳಿಸಲೂ ಇಲ್ಲ. ಅದು ತನ್ನ ಪಾಡಿಗೆ ತಾನು "ಸೋ" ಅಂತು. ಆ "ಸೋ" ಕೇಳಿದ್ದೇ ಅಮ್ಮ ಮುಂದಿನ ಸಾಲಿಗೆ ಹೋದಳು. ಅಲ್ಲೂ ಒಡೆಯಿತು. ಮತ್ತೆ "ಸೋ". ಮೂರನೆಯ ಸಾಲಿಗೆ ಅಮ್ಮ ಹೊಸ್ತಿಲು ದಾಟಿ ಈಚೆಗೆ ಬಂದಿದ್ದಳು.

ನಾನು ಮೇಜಿನ ಕಡೆಗೆ ಓಡಿದೆ. ಮುಂದಿನ ಪೆಟ್ಟಿಗೆಗಳಲ್ಲಿ ಗಾಯಕಿ ಇನ್ನೂ ಹಾಡುತ್ತಿದ್ದಳು. ಎರಡೂ ಕೈಯಿಂದ ಆ ಎರಡು ಪೆಟ್ಟಿಗೆಗಳ ವೈರು ಹಿಡಿದು ಕಿತ್ತು ಎಳೆದೆ. ಹಿಂದಿನವು ಹಾಗೇ ಹಾಡುತ್ತಿದ್ದವು. ಗಾಯಕಿ ನಮ್ಮ ಮನೆಯಿಂದಲೇ ಹೊರಟುಹೋದಳು. "ಏ, ಸೌಂಡ್ ಓಯ್ತಲ್ಲವ್ವ!" ಎಂದು ಜಗಲಿಯಿಂದ ಅಪ್ಪ ಕೂಗಿದ. ಮರುಗಳಿಗೆಯಲ್ಲಿ ಅವನಿಗೂ ಒಳಗಿನ ದನಿ ಕೇಳಿಸಿತು. ಎದ್ದು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ. ಹಿಂದೆ ಮಾತಾಡುತ್ತಿದ್ದವರ ಕಡೆಗೆ ತಿರುಗಿ, "ಸುಮ್ಕಿರ್ರೋ!" ಎಂದು ಗದರಿದ.

ಅಮ್ಮ ಅಕ್ಕನ ಎದುರಿಗೆ ಮಂಡಿಯೂರಿ ಕೂತಿದ್ದಳು. ಅವಳ ದನಿ ಮೊದಲಿನದಲ್ಲ; ತಗ್ಗಿನಲ್ಲಿ, ಒರಟಾಗಿ, ಎತ್ತರಕ್ಕೆ ಹೋಗಬೇಕಾದಲ್ಲಿ ತಡವರಿಸುತ್ತಿತ್ತು. ಪದ ಮಾತ್ರ ಅವಳದೇ. ನಮ್ಮ ಬಾವಿ ಬಂತು, ಹೊಲಿಗೆ ಯಂತ್ರ ಬಂತು, ತೊಲೆ ಏರಿದ ಕೋತಿಯೂ ಬಂತು. ಹೆಂಗಸರು ನಕ್ಕರು, ನಗಬೇಕಾದಲ್ಲಿ ನಕ್ಕರು. ದನಿ ಒಡೆದಲ್ಲಿ ಯಾರೂ ನಗಲಿಲ್ಲ. ಮೊದಲು ಸೋದರತ್ತೆ ಪೆಟ್ಟಿಗೆಯ ಜೊತೆ "ಸೋ" ಅಂದಳು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಅಮ್ಮನ ದನಿ ಎಷ್ಟು ಎತ್ತರಕ್ಕೆ ಹೋಗುತ್ತಿತ್ತೋ ಅಷ್ಟಕ್ಕೇ ತಾವೂ ಇಳಿಸಿಕೊಂಡರು. ಅಕ್ಕನ ಕೆನ್ನೆಗೆ ಅರಿಶಿಣ ಏರಿತು. ಕಣ್ಣೀರು ಇಳಿದಲ್ಲೆಲ್ಲ ಅದು ಗೆರೆಯಾಯಿತು. ನನಗೂ ಅಳು ತಡೆಯಲಾಗಲಿಲ್ಲ, ನಗುವನ್ನೂ ತಡೆಯಲಾಗಲಿಲ್ಲ.

ಆದರೆ ಕ್ಯಾಸೆಟ್ಟಿನ ಹೆಂಗಸರಿಗೆ ಅವಸರ. ಅಮ್ಮ ಒಂದು ಕಡೆ ಉಸಿರು ತೆಗೆದುಕೊಳ್ಳಲು ನಿಂತಳು, ಸಾಲು ಇನ್ನೂ ಅರ್ಧದಲ್ಲಿತ್ತು. ಪೆಟ್ಟಿಗೆ ಅಷ್ಟರಲ್ಲೇ "ಸೋ" ಅಂದುಬಿಟ್ಟಿತು. ಅಮ್ಮ ಗಾಬರಿಯಾಗಿ ಮೇಲೆ ನೋಡಿದಳು. ಆಗ ಅಕ್ಕ, ಅರಿಶಿಣದ ಮುಖ ಅಲ್ಲಾಡಿಸದೆ, ನಡುಮನೆಯ ಆ ತುದಿಯಿಂದ ನನ್ನನ್ನು ಕೂಗಿದಳು.

"ಲೇ, ನಿನ್ನ ಸ್ಟೀರಿಯೋ ನಿಲ್ಸೇ. ಅಮ್ಮಂಗೆ ಅವಸರ ಮಾಡ್ತೈತೆ."

ಹೊಗೆ ಕುಡಿದು, ಕೈ ಸುಟ್ಟುಕೊಂಡು, ಮಣ್ಣು ಸುರಿಸಿಕೊಂಡು ಕಟ್ಟಿದ್ದು ಅದು. ಸ್ವಿಚ್ಚು ಆರಿಸಿದೆ. ಅಷ್ಟು ಸಂತೋಷ ಅದನ್ನು ಹಾಕಿದಾಗಲೂ ಆಗಿರಲಿಲ್ಲ. ಗೋಡೆಗಳು ಸುಮ್ಮನಾದವು. ಅಮ್ಮ ನಿಧಾನಕ್ಕೆ ಉಸಿರೆಳೆದುಕೊಂಡು ಉಳಿದ ಅರ್ಧ ಸಾಲು ಮುಗಿಸಿದಳು. ನಾವೆಲ್ಲ "ಸೋ" ಅಂದೆವು. ಬಾಗಿಲಲ್ಲಿದ್ದ ಅಪ್ಪನೂ ಅಂದ.